ಮನೆಯಲ್ಲಿ ಕಟ್ಟಿದ ಗಾಡಿ ಕಾಯಕವಾಗುವುದು ಯಾವಾಗ?

ಆಯುಧಪೂಜೆಯ ದಿನ ದೊಡ್ಡಬಳ್ಳಾಪುರದ ಪವರ್‌ಲೂಮುಗಳಿಗೂ, ಹೊಸಕೋಟೆ, ನೆಲಮಂಗಲದ ಹೆದ್ದಾರಿ ಬದಿಯ ಗ್ಯಾರೇಜುಗಳ ಲೇತು, ವೆಲ್ಡಿಂಗ್ ಮೆಶೀನುಗಳಿಗೂ ಅರಿಶಿನ ಕುಂಕುಮ ಏರುತ್ತದೆ. ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ, ಬೂದುಗುಂಬಳ ಒಡೆಯುತ್ತಾರೆ. ಯಂತ್ರಕ್ಕೆ ಕೈಮುಗಿಯಲು ನಮಗೆ ಸಂಕೋಚವಿಲ್ಲ. ಆದರೆ ಅದೇ ಯಂತ್ರವನ್ನು ಬಿಚ್ಚಿ, ಬೈಕಿನ ಹಿಂಬದಿ ಚಾಸಿ ಕತ್ತರಿಸಿ, ಅಲ್ಲಿ ಎರಡು ಚಕ್ರ ಕೂಡಿಸಿ, ಪ್ರತಿ ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಕೊಟ್ಟು ಮನೆಯಂಗಳದಲ್ಲೇ ಮೂರು ಚಕ್ರದ ಗಾಡಿ ಕಟ್ಟುವವನ ಕೆಲಸವನ್ನು ಏನೆಂದು ಎಣಿಸಬೇಕು? ಖಯಾಲಿ ಎನ್ನುವವರಿದ್ದಾರೆ, ಕಾನೂನುಭಂಗ ಎನ್ನುವವರೂ ಇದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣ ನಮಗೆ ಕೊಟ್ಟ ಅಳತೆಗೋಲಿನಲ್ಲಿ ನೋಡಿದರೆ ಅದು ಕಾಯಕವೂ ಆಗಬಲ್ಲದು ಎಂಬುದು ನನ್ನ ವಾದ. ಹಾಗಾಗಲು ಆ ಗಾಡಿ ಅಗತ್ಯದಿಂದ ಹುಟ್ಟಿರಬೇಕು, ಕಟ್ಟಿದವನು ತನ್ನ ಕೆಲಸವನ್ನು ಬೇರೆಯವರ ಪರೀಕ್ಷೆಗೆ ತಾನಾಗಿ ಒಡ್ಡಬೇಕು.

ಅಗತ್ಯ ಯಾರದು ಎಂಬುದು ಮೊದಲ ಮಾತು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊ ಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ಅದಕ್ಕೂ ಮೊದಲೇ ಕಾಲಿನ ಬಲ ಕಳೆದುಕೊಂಡ ತಲೆಮಾರು ಇವತ್ತಿಗೂ ನಮ್ಮ ನಡುವೆ ದುಡಿಯುತ್ತಿದೆ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರು ಆ ಸಾಲಿಗೆ ಸೇರುತ್ತಲೇ ಇದ್ದಾರೆ. ಬಸ್ಸಿನ ಮೆಟ್ಟಿಲು ಹತ್ತಲಾಗದ, ಎರಡು ಚಕ್ರದ ಮೇಲೆ ಕಾಲೂರಿ ನಿಲ್ಲಲಾಗದ ಇವರು ಸಾಮಾನ್ಯವಾಗಿ ಹಿಡಿಯುವ ದಾರಿ ಸ್ಕೂಟರಿಗೆ ಸೈಡ್ ವೀಲ್ ಹಾಕಿಸುವುದು. ಆ ಪಕ್ಕದ ಚಕ್ರಗಳನ್ನು ಸ್ಪ್ರಿಂಗಿಲ್ಲದೆ ಬಿಗಿದರೆ, ನಡುವಿನ ಚಕ್ರದಡಿ ಒಂದು ಗುಂಡಿ ಬಂದ ಕೂಡಲೇ ಎಂಜಿನ್ ತಿರುಗಿಸುವ ಚಕ್ರ ಗಾಳಿಯಲ್ಲಿ ತೇಲಿ ಸುಮ್ಮನೆ ತಿರುಗುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಒಂದೇ ಗಟ್ಟಿ ಆಕ್ಸಲ್ಲಿಗೆ ಎರಡು ಚಕ್ರ ಕೂಡಿಸಿದ ಗಾಡಿಯ ಕಷ್ಟ ಬೇರೆ. ಒಂದು ಚಕ್ರ ಹಂಪು ಹತ್ತಿದರೆ ಇಡೀ ಆಕ್ಸಲ್ ವಾಲುತ್ತದೆ, ಕೂತವನ ಸೊಂಟವೂ ಅದರೊಡನೆ ವಾಲುತ್ತದೆ. ಬೆನ್ನುಹುರಿ ಜಖಂ ಆದವರಲ್ಲಿ ಅನೇಕರಿಗೆ ಕೂತ ಜಾಗದಲ್ಲಿ ಸ್ಪರ್ಶಜ್ಞಾನವಿರುವುದಿಲ್ಲ. ಏಟು ಬಿದ್ದದ್ದು ಗೊತ್ತಾಗದೆಯೇ ಒತ್ತಡದ ಹುಣ್ಣಾಗುತ್ತದೆ, ಅದು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಬಲ್ಲದು. ಹಾಗಾಗಿ ಪ್ರತಿ ಚಕ್ರವೂ ತನ್ನ ಗುಂಡಿಯನ್ನು ತಾನೇ ನುಂಗಿಕೊಳ್ಳುವ ಏರ್ಪಾಡು ಇಂಥವರ ಮಟ್ಟಿಗೆ ಷೋಕಿಯಲ್ಲ, ಆರೋಗ್ಯದ ಪ್ರಶ್ನೆ. ಆಯ್ದಕ್ಕಿ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಆ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದ ಕಥೆ ನಮಗೆಲ್ಲ ಗೊತ್ತು. ಆ ತಾಯಿಯ ತಕ್ಕಡಿಯಲ್ಲಿ ತೂಗಿದರೆ ಅಬ್ಬರಿಸುವ ಸೈಲೆನ್ಸರ್, ತೋರಿಕೆಯ ಅಗಲ ಟೈರು ಸುರಿದು ಬರಬೇಕಾದ ಅಕ್ಕಿ. ಶಾಕಬ್ಸರ್ ಹಾಗಲ್ಲ.

ಇದನ್ನು ಮನೆಯಲ್ಲಿ ಮಾಡಲು ಸಾಧ್ಯವೇ ಎಂದರೆ, ಉತ್ತರ ದಿನವೂ ನಮ್ಮ ಕಣ್ಣಮುಂದೆ ಓಡಾಡುತ್ತಿದೆ. ನಮ್ಮ ಬಜಾಜ್ ಆಟೊಗಳ ಹಿಂಬದಿ ಚಕ್ರಗಳು ಬೇರೆ ಬೇರೆ ಟ್ರೇಲಿಂಗ್ ಆರ್ಮ್ ಮೇಲೆ ಕೂತಿವೆ. ಡಿಫರೆನ್ಷಿಯಲ್ ಚಕ್ರದೊಡನೆ ಕುಣಿಯದೆ ಮೇಲೆ ಬಾಡಿಯ ಜೊತೆಗಿರುತ್ತದೆ, ಅಲ್ಲಿಂದ ಎರಡು ಗಿಡ್ಡ ಶಾಫ್ಟುಗಳು ಚಕ್ರಕ್ಕೆ ಶಕ್ತಿ ಒಯ್ಯುತ್ತವೆ. ಆ ಭಾರ ಚಕ್ರದ ಮೇಲಿಲ್ಲದ್ದರಿಂದ ಚಕ್ರ ರಸ್ತೆಯ ಏರಿಳಿತವನ್ನು ಬೇಗ ಹಿಂಬಾಲಿಸುತ್ತದೆ. ಆಟೊಗೆ ರಿವರ್ಸ್ ಗೇರೂ ಇದೆ, ಕಾಲಲ್ಲಿ ಗಾಡಿ ಹಿಂದಕ್ಕೆ ತಳ್ಳಲಾಗದವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಕಷ್ಟ ಬರುವುದು ತಿರುವಿನಲ್ಲಿ. ಬೈಕು ತಿರುವಿನೊಳಕ್ಕೆ ಬಾಗುತ್ತದೆ, ಇಂಥ ಮೂರು ಚಕ್ರದ್ದು ಬಾಗದು, ಭಾರವೆಲ್ಲ ಹೊರಮಗ್ಗುಲಿಗೆ ನೂಕುತ್ತದೆ. ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುವಾಗ ಈ ವಾಲುವಿಕೆ ಇನ್ನೂ ಹೆಚ್ಚುತ್ತದೆ. ಅದಕ್ಕೇ ಬಲ್ಲವರು ಎರಡೂ ತೋಳುಗಳ ನಡುವೆ ಒಂದು ಉಕ್ಕಿನ ಕಂಬಿ, ಆ್ಯಂಟಿ ರೋಲ್ ಬಾರ್, ಹಾಕುತ್ತಾರೆ. ಗುಂಡಿ ಬಂದಾಗ ಚಕ್ರಗಳನ್ನು ಬಹುಮಟ್ಟಿಗೆ ಅವುಗಳ ಪಾಡಿಗೆ ಬಿಡುವ ಆ ಕಂಬಿ, ಗಾಡಿ ವಾಲುವ ಹೊತ್ತಿಗೆ ತಿರುಚಿಕೊಂಡು ಒಂದರ ಭಾರವನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ. ಚಕ್ರಗಳನ್ನು ಬಿಡಿಸಿದವನೇ ಅವುಗಳನ್ನು ಮತ್ತೆ ಅಷ್ಟಿಷ್ಟು ಬೆಸೆಯಬೇಕಾಯಿತು ಎಂಬುದನ್ನು ಗಮನಿಸಬೇಕು. ಕಟ್ಟುವವನ ಸ್ವಾತಂತ್ರ್ಯದ ವಿಷಯದಲ್ಲೂ ನಾನು ಹೇಳಹೊರಟಿರುವುದು ಇದನ್ನೇ.

ಅದಕ್ಕೆ ಮೊದಲು ಎರಡು ಆಕ್ಷೇಪಗಳು. ಅಂಗವೈಕಲ್ಯ ಪೂರ್ವಕರ್ಮದ ಫಲ, ಅದನ್ನು ಉಂಡು ತೀರಿಸಬೇಕು ಎನ್ನುವ ಮಾತು ನಮ್ಮ ಊರುಗಳಲ್ಲಿ ಇನ್ನೂ ಸತ್ತಿಲ್ಲ. ಹೀಗೆನ್ನುವವರೂ ಕಣ್ಣಿಗೆ ಪೊರೆ ಬಂದರೆ ಮಿಂಟೋ ಆಸ್ಪತ್ರೆಗೆ ಹೋಗುತ್ತಾರೆ, ಹೋಗುವುದೇ ಸರಿ. ತನ್ನ ಕಣ್ಣಿಗೆ ಒಪ್ಪದ ತತ್ವವನ್ನು ಇನ್ನೊಬ್ಬನ ಕಾಲಿಗೆ ಕಟ್ಟುವುದು ಧರ್ಮವಲ್ಲ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಕಾಯಕ ಎಂದರೆ ಜೀವನೋಪಾಯ, ಅದರ ಫಲ ದಾಸೋಹಕ್ಕೆ ಸಲ್ಲಬೇಕು. ನುಲಿಯ ಚಂದಯ್ಯ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿದ್ದರೂ ಕೆಲಸ ಬಿಡಲಿಲ್ಲ, ಏಕೆಂದರೆ ಹಗ್ಗ ಹೊಸೆದು ಬಂದ ಹಣದಲ್ಲಿ ಜಂಗಮರು ಉಣ್ಣಬೇಕಿತ್ತು. ತನ್ನೊಬ್ಬನ ಓಡಾಟಕ್ಕೆ ಗಾಡಿ ಕಟ್ಟಿಕೊಳ್ಳುವವನು ಯಾರಿಗೆ ಉಣ್ಣಿಸಿದ? ಮಾತು ನಿಜ. ಆದರೆ ಮಗ್ಗದ ಶೆಡ್ಡಿಗೋ, ಹೂವಿನ ಮಂಡಿಗೋ, ಕಾಲೇಜಿಗೋ ಹೋಗಲಾಗದವನಿಗೆ ಕಾಯಕದ ಬಾಗಿಲೇ ಮುಚ್ಚಿದೆ. ಆ ಬಾಗಿಲು ತೆರೆಯುವ ಕೆಲಸವನ್ನು ಕಾಯಕದಿಂದ ಹೊರಗಿಟ್ಟರೆ, ದುಡಿದು ಉಣ್ಣು ಎಂದು ಹೇಳುತ್ತ ದುಡಿಯಲು ಹೋಗುವ ದಾರಿಗೆ ಬೇಲಿ ಹಾಕಿದಂತಾಗುತ್ತದೆ. ದಾಸೋಹದ ಪ್ರಶ್ನೆ ಅಷ್ಟಕ್ಕೇ ತೀರುವುದಿಲ್ಲ ಎಂದೂ ಒಪ್ಪುತ್ತೇನೆ. ಗಾಡಿ ರಸ್ತೆಗಿಳಿದ ಮೇಲೆ ಎದುರು ಬರುವವನಿಗೆ, ಪಕ್ಕದಲ್ಲಿ ನಡೆಯುವ ಮಗುವಿಗೆ ಅದನ್ನು ಕಟ್ಟಿದವನು ಋಣಿ. ಇಲ್ಲಿ ದಾಸೋಹವೆಂದರೆ ಅವರ ಕ್ಷೇಮ.

ಮೋಟಾರು ವಾಹನ ಕಾಯ್ದೆ ನಿಂತಿರುವುದೂ ಈ ಋಣದ ಮೇಲೆಯೇ. ನೋಂದಣಿಯ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ತಪ್ಪಿದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಬಂದವು. ಮೋಜಿಗಾಗಿ ಚಾಸಿ ಕತ್ತರಿಸುವವರ ಪಾಲಿಗೆ ಇದು ಅತಿಯಾಯಿತೆಂದು ನನಗೆ ಅನ್ನಿಸುವುದಿಲ್ಲ. ಆದರೆ ಅದೇ ಕಲಮು ಅಂಗವೈಕಲ್ಯವುಳ್ಳವರ ಬಳಕೆಗೆಂದು ಮಾರ್ಪಡಿಸಲು ಬಾಗಿಲು ತೆರೆದಿಟ್ಟಿದೆ. ನಿಯಮದ ಷರತ್ತುಗಳಿಗೆ ಒಳಪಟ್ಟು ಮಾರ್ಪಡಿಸಿ, ಆಮೇಲೆ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಬಹುದು. ಮೊದಲು ಅಗತ್ಯವನ್ನು ನಂಬಿ, ನಂತರ ಕೆಲಸವನ್ನು ಪರೀಕ್ಷಿಸುವ ಈ ಕ್ರಮ ನೈತಿಕವಾಗಿಯೂ ಸರಿಯಾದದ್ದು. ಅದನ್ನು ಕಾಗದದ ಶಾಸ್ತ್ರವೆಂದು ಬೈಯುವ ಕಸುಬುದಾರರಿಗೆ ನನ್ನ ಉತ್ತರ ಬೆಸುಗೆಯಲ್ಲಿದೆ. ಆಳಕ್ಕೆ ಇಳಿಯದ ಬೆಸುಗೆಯೂ, ಒಳಗೆ ಗಾಳಿಗುಳ್ಳೆ ಉಳಿದ ಬೆಸುಗೆಯೂ ಪುಟ್ಟಿ ಬಳಿದು ಪೇಂಟ್ ಹೊಡೆದ ಮೇಲೆ ಒಳ್ಳೆಯ ಬೆಸುಗೆಯಂತೆಯೇ ಹೊಳೆಯುತ್ತವೆ. ಟ್ರೇಲಿಂಗ್ ಆರ್ಮಿನ ಬುಡ ಬಿರುಕು ಬಿಡುವುದು ಮನೆಯಂಗಳದಲ್ಲಲ್ಲ, ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ. ಎಷ್ಟೇ ಪ್ರಾಮಾಣಿಕನಾದರೂ ತನ್ನ ಬೆಸುಗೆಯನ್ನು ತಾನೇ ಪ್ರೀತಿಯಿಂದ ನೋಡುತ್ತಾನೆ. ಅದಕ್ಕೇ ಇನ್ನೊಂದು ಜೊತೆ ಕಣ್ಣು ಬೇಕು.

ಹಾಗಾಗಿ ಚಾಸಿಯನ್ನು ಬಣ್ಣ ಹೊಡೆಯದೆ, ಆರ್ಮ್‌ಗಳ ಬುಡ, ಶಾಕಬ್ಸರಿನ ಬ್ರಾಕೆಟ್ಟು, ಬೇರಿಂಗಿನ ಹೌಸಿಂಗ್ ಎಲ್ಲ ಬರಿಯ ಕಬ್ಬಿಣವಾಗಿ ಕಾಣುವಂತಿಟ್ಟು, ಮೊದಲು ಅನುಭವಿ ವೆಲ್ಡರನಿಗೆ, ಆಮೇಲೆ ದೇವನಹಳ್ಳಿಯದೋ ನೆಲಮಂಗಲದ್ದೋ ಆರ್‌ಟಿಒ ಇನ್‌ಸ್ಪೆಕ್ಟರರಿಗೆ ತೋರಿಸುವುದು ಒಳ್ಳೆಯದು. ಅವರೂ ಲೈಟು, ಹಾರ್ನು, ಅಂಗವೈಕಲ್ಯದ ಪ್ರಮಾಣಪತ್ರ ನೋಡಿ ಕಳಿಸದೆ, ಬಗ್ಗಿ ಗಾಡಿಯ ಹೊಟ್ಟೆಯಡಿ ಟಾರ್ಚು ಬಿಡಬೇಕು. ಪೇಂಟು ಅದಾದ ಮೇಲೆ ಹೊಡೆಯಲಿ.