ಆಣೆ ಮತ್ತು ಸಂಗ

ಕುಡಿತ ಬಿಡಿಸಬೇಕೆಂದು ಮಗನನ್ನೋ ಗಂಡನನ್ನೋ ಕರೆದುಕೊಂಡು ಮಠಕ್ಕೆ ಬರುವ ತಾಯಂದಿರು ಬಹಳ. ಅಂಥವರನ್ನು ಗದ್ದುಗೆಯ ಮುಂದೆ ನಿಲ್ಲಿಸಿ, ಇಂದಿನಿಂದ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿ, ವಿಭೂತಿ ಕೊಟ್ಟು ಕಳುಹಿಸುವುದು ನಾವು ಬಹುಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ. ಕೆಲವರು ಆ ಆಣೆಯನ್ನು ಜೀವಮಾನವಿಡೀ ಉಳಿಸಿಕೊಂಡಿದ್ದಾರೆ. ಉಳಿಸಿಕೊಳ್ಳಲಾರದವರ ಗತಿಯೇನೆಂದು ನಾವು ಕೇಳಿಕೊಂಡದ್ದು ತೀರ ತಡವಾಗಿ.

ಕೇಳಿಕೊಳ್ಳುವಂತೆ ಮಾಡಿದವನು ಒಬ್ಬ ಬಡಗಿ. ಎರಡು ಸಲ ಆಣೆ ಮಾಡಿ ಎರಡು ಸಲವೂ ಮುರಿದಿದ್ದ. ಆಮೇಲೆ ಮೂರು ವರ್ಷ ಮಠದ ಕಡೆ ಸುಳಿಯಲಿಲ್ಲ. ಒಮ್ಮೆ ಹಾದಿಯಲ್ಲಿ ಸಿಕ್ಕಾಗ ಏಕೆ ಬರಲಿಲ್ಲವೆಂದು ವಿಚಾರಿಸಿದೆವು. "ಆಣಿ ಮುರದಾಂವ ಯಾವ ಮಾರಿ ತಗೊಂಡು ಬರ್ಲಿ, ಅಪ್ಪಾರ?" ಎಂದ. ಎರಡನೆಯ ಸಲ ಆಣೆ ಮಾಡಿಸುವಾಗ ಹತ್ತು ಜನರೆದುರು ಅವನಿಗೆ ಸಿಟ್ಟಿನಿಂದ ಆಡಿದ ಮಾತು ನಮಗೆ ನೆನಪಾಯಿತು. ಅವನಿಗೆ ಮಠದ ಬಾಗಿಲನ್ನು ಮುಚ್ಚಿದವರು ನಾವೇ.

ಸಂಕಲ್ಪವಿಲ್ಲದೆ ಯಾವುದೂ ಆರಂಭವಾಗದು, ನಿಜ. ಆದರೆ ಆಣೆಯೆಂಬುದು ಕೆಳಗೆ ನಿಂತವನು ಮೇಲೆ ಕುಳಿತವನಿಗೆ ಕೊಡುವ ಮಾತು. ಅದು ಮುರಿದಾಗ ಕೊಟ್ಟವನು ಅಪರಾಧಿಯಾಗುತ್ತಾನೆ, ಪಡೆದವನು ನ್ಯಾಯಾಧೀಶನಾಗುತ್ತಾನೆ. ಅಪರಾಧಿ ಅಡಗಿಕೊಳ್ಳಲು ಜಾಗ ಹುಡುಕುತ್ತಾನೆ. ಅವನಿಗೆ ಪರಿಚಿತವಾದ ಜಾಗ ಸೆರೆಯಂಗಡಿಯೊಂದೇ. ಮೇಲಾಗಿ ಇದು ವ್ಯಾಧಿಯೆಂದು ವೈದ್ಯಶಾಸ್ತ್ರ ಒಪ್ಪಿಕೊಂಡು ಎಷ್ಟೋ ಕಾಲವಾಯಿತು. ಯಾವ ಇಚ್ಛಾಶಕ್ತಿಯಿಂದ ಬಿಡಬೇಕೋ ಆ ಇಚ್ಛಾಶಕ್ತಿಗೇ ಪೆಟ್ಟು ಬಿದ್ದಿರುವಾಗ, ಒಂಟಿಯಾಗಿ ನಿಂತು ಗೆಲ್ಲು ಎನ್ನುವುದು ಕಾಲು ಮುರಿದವನಿಗೆ ಎದ್ದು ನಡೆ ಎಂದಂತೆ.

ಅಮೆರಿಕದಲ್ಲಿ 1935ರ ಮೇ ತಿಂಗಳಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು. ಓಹಾಯೊ ರಾಜ್ಯದ ಆಕ್ರನ್ ಪಟ್ಟಣಕ್ಕೆ ಹೋದ ಕೆಲಸ ಕೆಟ್ಟಿತ್ತು. ಹೋಟೆಲಿನ ಪಡಸಾಲೆಯಲ್ಲಿ ಒಂಟಿಯಾಗಿ ನಿಂತಿದ್ದಾನೆ. ಒಂದು ಕಡೆ ಮದ್ಯದ ಅಂಗಡಿ, ಇನ್ನೊಂದು ಕಡೆ ಟೆಲಿಫೋನು. ಅವನು ಟೆಲಿಫೋನಿನ ಕಡೆಗೆ ನಡೆದು ಊರಿನ ಪಾದ್ರಿಯೊಬ್ಬರನ್ನು ಸಂಪರ್ಕಿಸಿದ. ಕೇಳಿದ್ದು ಉಪದೇಶವನ್ನಲ್ಲ. ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕು, ಅಂಥವನು ಈ ಊರಿನಲ್ಲಿ ಎಲ್ಲಿದ್ದಾನೆ ಎಂದು ಕೇಳಿದ. ಹಾಗೆ ಸಿಕ್ಕವರು ಶಸ್ತ್ರವೈದ್ಯರಾದ ಬಾಬ್ ಸ್ಮಿತ್. ಹದಿನೈದು ನಿಮಿಷವಷ್ಟೇ ಎಂದು ಬಂದವರು ಗಂಟೆಗಟ್ಟಲೆ ಕುಳಿತರು. ಆ ವೈದ್ಯರು ಕೊನೆಯ ಸಲ ಕುಡಿದ ದಿನವಾದ ಜೂನ್ 10ನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ.

ಬಿಲ್ ಹುಡುಕಿದ್ದು ತನ್ನನ್ನು ಉದ್ಧರಿಸುವವನನ್ನಲ್ಲ, ತಾನು ಕೈಹಿಡಿಯಬಹುದಾದವನನ್ನು. ಇಂಥ ಸಂಗದಲ್ಲಿ ನಿನ್ನೆ ಬಂದವನಿಗೂ ಹತ್ತು ವರ್ಷದವನಿಗೂ ಒಂದೇ ಸಾಲಿನ ಕುರ್ಚಿ. ಬಿಡಬೇಕೆಂಬ ಬಯಕೆಯೊಂದೇ ಅಲ್ಲಿನ ಅರ್ಹತೆ. ಮತ್ತೆ ಕುಡಿದು ಬಿದ್ದವನು ಮುಂದಿನ ವಾರವೂ ಬರಬಹುದು. ನಮ್ಮ ಗದ್ದುಗೆಯ ಮುಂದೆ ಬಡಗಿಗೆ ಸಿಗದೆ ಹೋದದ್ದು ಇದೇ.

ಮಠಗಳಿಂದ ಇದು ಆಗದೆಂದು ನಾವು ಹೇಳುತ್ತಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅಲ್ಲಿ ಬೇಡಿದವರು ಗುರುಗಳು, ನೀಡಿದವನು ಕುಡುಕ. ನಾವು ಈ ಹೆಚ್ಚುಗಾರಿಕೆಯನ್ನು ಬಹುದಿನ ಗಮನಿಸಿರಲಿಲ್ಲ. ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳೂ ಶಿಬಿರ ಮುಗಿದ ಮೇಲೆ ಕೈಬಿಡುವುದಿಲ್ಲ. ಅಲ್ಲಿಂದ ಬಂದವರು ತಮ್ಮ ತಮ್ಮ ಊರುಗಳಲ್ಲಿ ನವಜೀವನ ಸಮಿತಿಗಳಾಗಿ ಸೇರುತ್ತಾರೆ.

ಇಂಥದೊಂದು ಕೂಟವನ್ನು ಹುಡುಕುವವರಿಗೆ ಒಂದೆರಡು ಮಾತು. ಬಹುಕಾಲ ದಿನವೂ ಕುಡಿದವನು ಥಟ್ಟನೆ ಬಿಟ್ಟರೆ ಸೆಳವು, ಭ್ರಮೆಗಳುಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ಆಸ್ಪತ್ರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಹತ್ತಿರದ ಕೂಟಗಳ ತಿಳಿವಳಿಕೆ ಸಾಮಾನ್ಯವಾಗಿ ಇರುತ್ತದೆ. ಕೇಳಲು ಸಂಕೋಚ ಬೇಡ. ದೂರದ ದೊಡ್ಡ ಕೂಟಕ್ಕಿಂತ ಸಂಜೆಯ ಬಸ್ಸಿಗೆ ಹೋಗಿ ರಾತ್ರಿ ಮನೆ ಸೇರುವಷ್ಟು ಸಮೀಪದ ಸಣ್ಣ ಕೂಟ ಲೇಸು. ಏಕೆಂದರೆ ಆಸೆ ಕೆರಳುವುದು ತಿಂಗಳಿಗೊಮ್ಮೆಯಲ್ಲ. ಸಮೀಪವಾದರೆ ಗುರುತಿನವರು ಕಂಡಾರೆಂಬ ಭಯ ಹಲವರಿಗೆ. ಹಾಡುಹಗಲೇ ಸಂತೆಯ ಬೀದಿಯಲ್ಲಿ ಬಿದ್ದದ್ದನ್ನು ಊರೆಲ್ಲ ಕಂಡಿದೆ. ಏಳಲು ಹೋಗುವುದನ್ನು ಕಂಡರೆ ಹೋಗುವ ಮಾನ ಯಾವುದು? ಆದರೂ ಒಳಗೆ ಆಡಿದ ಮಾತು ಹೊರಗೆ ಬಾರದೆಂಬುದು ಆ ಕೂಟಗಳ ಕಟ್ಟುನಿಟ್ಟು.

ಬಡಗಿ ಕೊನೆಗೆ ನೆರೆಯ ತಾಲ್ಲೂಕಿನಲ್ಲಿ ಒಂದು ಕೂಟವನ್ನು ಕಂಡುಕೊಂಡ. ಈಗ ಅವನೂ ಇನ್ನು ನಾಲ್ವರೂ ಸೇರಿ ನಮ್ಮೂರಲ್ಲೇ ಒಂದನ್ನು ಆರಂಭಿಸಿದ್ದಾರೆ. ಮಠದ ಹಿಂದಿನ ಕೋಣೆಯನ್ನು ಧರ್ಮಾರ್ಥ ಕೊಡುತ್ತೇವೆಂದರೆ ಒಪ್ಪಲಿಲ್ಲ. ಹೊರಗಿನವರ ದಾನ ಪಡೆಯುವ ಕ್ರಮ ತಮ್ಮಲ್ಲಿಲ್ಲವೆಂದು ತಿಂಗಳಿಗೆ ಐವತ್ತು ರೂಪಾಯಿ ಬಾಡಿಗೆ ಗೊತ್ತುಮಾಡಿಕೊಂಡರು. ಮೊದಲ ಗುರುವಾರ ನಾವು ಆಶೀರ್ವಚನಕ್ಕೆ ಸಿದ್ಧರಾಗಿ ಹೋದೆವು. ಬಡಗಿ ಬಾಗಿಲಲ್ಲೇ ನಮಸ್ಕರಿಸಿ ನಿಂತು, "ನೀವು ಒಳಗ ಬಂದ್ರ ಯಾರೂ ಬಾಯಿ ಬಿಡೂದಿಲ್ಲ, ಅಪ್ಪಾರ" ಎಂದ. ನಾವು ಹಿಂದಿರುಗಿ ಬಂದು, ಅಡುಗೆಮನೆಯಿಂದ ಅವರಿಗೆ ಚಹಾ ಕಳುಹಿಸಿದೆವು. ಅದರ ಹಣವನ್ನೂ ಕೊಟ್ಟು ಹೋದರು.