ಹಾಡು ಪೆಟ್ಟಿಗೆಯಲ್ಲಿದ್ದರೆ ಸಾಕೆ?



ಆಗಮನ ಕಾಲ ಬಂತೆಂದರೆ ನಮ್ಮ ಮನೆಯ ಅಟ್ಟದಿಂದ ಎರಡು ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಒಂದರಲ್ಲಿ ಗೋದಲಿಯ ಬೊಂಬೆಗಳು, ಇನ್ನೊಂದರಲ್ಲಿ ಕ್ರಿಸ್ಮಸ್ ಹಾಡುಗಳ ಕ್ಯಾಸೆಟ್ಟುಗಳು. ಕನ್ನಡ, ಕೊಂಕಣಿ, ಇಂಗ್ಲಿಷ್ ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು. ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾದವು. ಅದೇ ಹಾಡುಗಳು ಈಗ ಮಗನ ಮೊಬೈಲಿನಲ್ಲಿವೆ. ಆದರೂ ಕ್ಯಾಸೆಟ್ಟುಗಳನ್ನು ಬಿಸಾಡಲು ಮನಸ್ಸು ಬಾರದು. ನಿಮ್ಮ ಮನೆಯಲ್ಲೂ ಇಂಥದೊಂದು ಪೆಟ್ಟಿಗೆ ಇದ್ದೀತು.

ಈ ಸಂಗ್ರಹದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಒಂದು ಕ್ರಿಸ್ಮಸ್ ಸಂಜೆ ಹೊಸ ಕ್ಯಾಸೆಟ್ ತಂದು, ಎಲ್ಲರನ್ನೂ ಕೂರಿಸಿ ಕೇಳಿಸುತ್ತಿದ್ದೆ. ಗೋದಲಿಯ ಮುಂದೆ ಕುಳಿತಿದ್ದ ಅಮ್ಮ, ತಮಗೆ ಗೊತ್ತಿದ್ದ ಹಾಡು ಬಂದಾಗ ದನಿಗೂಡಿಸಿದರು. ವಯಸ್ಸಾದ ದನಿ, ರಾಗ ಎಲ್ಲೋ, ತಾಳ ಎಲ್ಲೋ. "ಸ್ವಲ್ಪ ಸುಮ್ಮನಿರಮ್ಮ, ಹಾಡು ಕೇಳಿಸ್ತಾ ಇಲ್ಲ" ಎಂದೆ. ಅಮ್ಮ ಸುಮ್ಮನಾದರು. ಮರುವರ್ಷ ನಾನೇ ಕೇಳಿಕೊಂಡರೂ ಹಾಡಲಿಲ್ಲ. "ನಿನ್ನ ಟೇಪೇ ಚೆನ್ನಾಗಿ ಹಾಡುತ್ತಲ್ಲ ಮಗ" ಎಂದು ನಕ್ಕರು. ಈಗ ಅಮ್ಮ ಇಲ್ಲ. ಅಷ್ಟೊಂದು ಕ್ಯಾಸೆಟ್ಟುಗಳಲ್ಲಿ ಅವರ ದನಿ ಒಂದರಲ್ಲೂ ಇಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಹಾಡು ನಮ್ಮದಾಗುವುದು ಕೊಂಡಾಗಲೋ, ಹಾಡಿದಾಗಲೋ?

ನಮಗೆಲ್ಲ ಪರಿಚಿತವಾದ 'ಸೈಲೆಂಟ್ ನೈಟ್' ಗೀತೆಯನ್ನೇ ನೋಡಿ. ಆಸ್ಟ್ರಿಯದ ಯುವ ಗುರು ಜೋಸೆಫ್ ಮೋರ್ 1816ರಲ್ಲಿ ಅದರ ಪದಗಳನ್ನು ಬರೆದರು. ಶಾಲಾ ಮಾಸ್ತರ ಫ್ರಾನ್ಸ್ ಕ್ಸೇವರ್ ಗ್ರೂಬರ್ ರಾಗ ಹಾಕಿದರು. 1818ರ ಡಿಸೆಂಬರ್ 24ರಂದು ಓಬರ್ನ್‌ಡೋರ್ಫ್ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ ಇಬ್ಬರೂ ಗಿಟಾರಿನೊಂದಿಗೆ ಅದನ್ನು ಹಾಡಿದರು. ಧ್ವನಿಮುದ್ರಣ ಎಂಬುದೇ ಇಲ್ಲದ ಕಾಲ ಅದು. ಆರ್ಗನ್ ತಯಾರಕ ಕಾರ್ಲ್ ಮೌರಾಖರ್ ಆ ಹಾಡನ್ನು ತಮ್ಮ ಸಿಲ್ಲರ್ ಕಣಿವೆಗೆ ಒಯ್ದರು. ಅಲ್ಲಿನ ರೈನರ್, ಸ್ಟ್ರಾಸರ್ ಕುಟುಂಬಗಳು ಊರೂರು ತಿರುಗಿ ಹಾಡಿದವು. 1839ರಲ್ಲಿ ಅದು ನ್ಯೂಯಾರ್ಕ್ ತಲುಪಿತು. ಯಾವ ಪೆಟ್ಟಿಗೆಯೂ ಅದನ್ನು ಉಳಿಸಲಿಲ್ಲ. ಬಾಯಿಂದ ಬಾಯಿಗೆ ದಾಟಿ ಅದು ಉಳಿಯಿತು.

ಹಾಗಾದರೆ ಹಾಡುಗಳನ್ನು ಕೂಡಿಡುವುದು ತಪ್ಪೇ? ಖಂಡಿತ ಅಲ್ಲ. ಹಾಸಿಗೆ ಹಿಡಿದವರಿಗೆ, ಪರದೇಶದಲ್ಲಿ ಒಂಟಿಯಾಗಿ ದುಡಿಯುವ ಮಕ್ಕಳಿಗೆ ಒಂದು ಹಳೆಯ ಕ್ರಿಸ್ಮಸ್ ಹಾಡು ಕೊಡುವ ನೆಮ್ಮದಿ ಸಣ್ಣದಲ್ಲ. ತಪ್ಪು ಇರುವುದು ಬೇರೆ ಕಡೆ. ಚೆನ್ನಾಗಿ ಹಾಡುವವರ ದನಿ ಮನೆಗೆ ಬಂದಿತೆಂದು ಮನೆಯವರು ತಮ್ಮ ದನಿಗೆ ನಾಚುವಂತೆ ಮಾಡುತ್ತೇವಲ್ಲ, ಅಲ್ಲಿ. ಹಾಡು ಕೆಟ್ಟೀತೆಂದು ನಾನು ಅಮ್ಮನ ಪ್ರಾರ್ಥನೆಯನ್ನೇ ನಿಲ್ಲಿಸಿದೆ.

ದೇವಾಲಯದಲ್ಲೂ ಹೀಗಾಗುವುದುಂಟು. ಮೈಕಿನ ಮುಂದಿರುವ ನಾಲ್ವರು ಹಾಡುತ್ತಾರೆ, ಉಳಿದವರು ಕೇಳುತ್ತಾರೆ. ವಿಶ್ವಾಸಿಗಳು ಬಲಿಪೂಜೆಯಲ್ಲಿ ಮೂಕ ಪ್ರೇಕ್ಷಕರಾಗಿರಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ.

"ನನಗೆ ರಾಗ ಬರುವುದಿಲ್ಲ" ಎನ್ನುವಿರಾ? ಕುರಿಗಾಹಿಗಳು ಗೋದಲಿಯಿಂದ ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರೆಂದು ಸಂತ ಲೂಕರು ಬರೆದಿದ್ದಾರೆ. ಅವರ ಶ್ರುತಿ ಸರಿಯಿತ್ತೇ ಎಂದು ಬರೆದಿಲ್ಲ.

ಈ ಕ್ರಿಸ್ಮಸ್ ರಾತ್ರಿ ಗೋದಲಿಯ ಮುಂದೆ ಹತ್ತು ನಿಮಿಷ ಮೊಬೈಲನ್ನೂ ಟಿವಿಯನ್ನೂ ಆರಿಸಿ. ಮನೆಯ ಹಿರಿಯರು ಮೊದಲು ಹಾಡಲಿ, ಮಕ್ಕಳು ದನಿಗೂಡಿಸಲಿ. ಪದ ಮರೆತರೆ ಮರೆಯಲಿ, ರಾಗ ತಪ್ಪಿದರೆ ತಪ್ಪಲಿ. ಅಜ್ಜಿ ಹಾಡುವಾಗ ಯಾರೂ "ಸುಮ್ಮನಿರಿ" ಎನ್ನದಿರಲಿ. ನನಗೆ ತಪ್ಪಿಹೋದ ಆ ದನಿಯನ್ನು ನೀವು ಕೇಳಿಸಿಕೊಳ್ಳಿ.