ಅರ್ಧಕ್ಕೆ ನಿಂತ ಕಾಯಕ

ಮಗ್ಗದ ಸಪ್ಪಳದಲ್ಲಿ ಬೆಳೆದ ರಬಕವಿ-ಬನಹಟ್ಟಿಯ ಜನಕ್ಕೆ ಒಂದು ಸಂಗತಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಾಸು ಹೂಡಿ ಅರ್ಧ ಸೀರೆ ನೇಯ್ದವನು ರೋಗದಿಂದಲೋ ಮರಣದಿಂದಲೋ ಮಗ್ಗ ಬಿಟ್ಟು ಹೋದನೆಂದರೆ ಆ ಹಾಸನ್ನು ಕತ್ತರಿಸಿ ಬಿಸುಡಲು ಯಾರ ಕೈಯೂ ಏಳದು. ಬೇರೊಬ್ಬನು ಅದೇ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು, ಹರಿದ ಎಳೆಗಳನ್ನು ಕೆಚ್ಚಿ, ಲಾಳಿಯನ್ನು ಕೈಗೆತ್ತಿಕೊಳ್ಳುವನು. ಮುಧೋಳ-ಜಮಖಂಡಿಯ ಒಕ್ಕಲಿಗನು ಕೂಳೆ ಕಬ್ಬನ್ನು ಬೆಳೆಸುವುದೂ, ಬೀಳಗಿಯ ಮಗನು ತಂದೆ ತೋಡಿ ನಿಲ್ಲಿಸಿದ ಬಾವಿಯನ್ನು ನೀರಿನವರೆಗೆ ಇಳಿಸುವುದೂ ಇದೇ ಬಗೆಯ ಕಾಯಕ. ಹೊಸದನ್ನು ಆರಂಭಿಸುವವನಿಗೆ ಉತ್ಸಾಹವೊಂದಿದ್ದರೆ ಸಾಕು. ಪರರು ಅರ್ಧಕ್ಕೆ ಬಿಟ್ಟುದನ್ನು ಮುಗಿಸುವವನಿಗೆ ಮಾತ್ರ ಉತ್ಸಾಹದೊಡನೆ ವಿನಯವೂ ವಿವೇಕವೂ ಬೇಕಾಗುತ್ತವೆ.

ಈ ತತ್ತ್ವವು ಆಕಾಶಯಾನದಂತಹ ನವೀನ ವಿದ್ಯೆಗೂ ಸಲ್ಲುತ್ತದೆ. ಅಮೇರಿಕಾದಲ್ಲಿ ಮನೆಯ ಕೊಟ್ಟಿಗೆಯಲ್ಲಿಯೇ ಸಣ್ಣ ವಿಮಾನವನ್ನು ಕಟ್ಟಿಕೊಳ್ಳುವ ಹವ್ಯಾಸಿಗಳು ಸಾವಿರಾರು ಜನರಿದ್ದಾರೆ. ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳ ಕೈಯಿಂದಲೇ ಆಗಿರಬೇಕೆಂದು ಅಲ್ಲಿಯ ನಿಯಮ. ಅದು ಒಬ್ಬನದೇ ಕೈಯಾಗಿರಬೇಕೆಂದಿಲ್ಲ; ಒಬ್ಬನು ಬಿಟ್ಟುದನ್ನು ಮತ್ತೊಬ್ಬನು ಕೊಂಡು ಮುಗಿಸಬಹುದು. ಆದರೆ ಮೊದಲಿನವನು ಬರೆದಿಟ್ಟ ದಿನಚರಿ, ತೆಗೆದಿಟ್ಟ ಛಾಯಾಚಿತ್ರಗಳು ಎರಡನೆಯವನಿಗೆ ಆಧಾರ. ಅವಿಲ್ಲದಿದ್ದರೆ ಮುಚ್ಚಿದ ರೆಕ್ಕೆಯೊಳಗಿನ ತೊಲೆ ಗಟ್ಟಿಯೋ ಟೊಳ್ಳೋ ಎಂದು ಅರಿಯುವುದು ಹೇಗೆ? ಹೊದಿಕೆಯನ್ನು ಬಿಚ್ಚಿ, ಪ್ರತಿಯೊಂದು ರಿವೆಟ್ಟನ್ನೂ ಅಂಟಿನ ಪ್ರತಿಯೊಂದು ಸಂದನ್ನೂ ನೋಡಲೇಬೇಕು. ನಾಚಿಕೆಗೋ ದಾಕ್ಷಿಣ್ಯಕ್ಕೋ ಒಂದು ದೋಷವನ್ನು ಮುಚ್ಚಿದರೆ ಅದರ ದಂಡವನ್ನು ತೆರುವುದು ಪ್ರಾಣ.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪದ ದೃಷ್ಟಾಂತವೆಂದರೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ 'ಸರಸ್' ವಿಮಾನ. ಅದು ಮನೆಯಲ್ಲಿ ಕಟ್ಟಿದುದಲ್ಲ, ಸರ್ಕಾರದ ಸಂಸ್ಥೆಯಲ್ಲಿ ಕಟ್ಟಿದುದು. ಆದರೂ ಅರ್ಧಕ್ಕೆ ನಿಂತು ಮತ್ತೆ ಎದ್ದುದು. ಹಿಂಬದಿಯಲ್ಲಿ ಎರಡು ಎಂಜಿನುಗಳುಳ್ಳ ಅದರ ಮೊದಲ ವಿಮಾನವು 2004ರ ಮೇ 29ರಂದು ಹಾರಿತು, ಎರಡನೆಯದು 2007ರಲ್ಲಿ. 2009ರ ಮಾರ್ಚ್ 6ರಂದು, ಆಕಾಶದಲ್ಲಿ ಎಂಜಿನನ್ನು ನಿಲ್ಲಿಸಿ ಮರಳಿ ಹೊತ್ತಿಸುವ ಪರೀಕ್ಷೆಯ ಕಾಲದಲ್ಲಿ, ಆ ಎರಡನೆಯ ವಿಮಾನವು ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಮೃತರಾದರು. ಮುಂದೆ ಕೆಲಸ ಸ್ಥಗಿತಗೊಂಡಿತು. ಉಳಿದ ಮೊದಲ ವಿಮಾನವು ವರ್ಷಗಟ್ಟಲೆ ನೆಲದ ಮೇಲೆಯೇ ನಿಂತಿತು.

ಅದನ್ನು ಮರಳಿ ಎತ್ತಿಕೊಂಡವರಿಗೆ ದೊರೆತ ಆಸ್ತಿ ಲೋಹ ಮತ್ತು ತಂತಿಗಳಷ್ಟೇ ಆಗಿರಲಿಲ್ಲ. ಮೂರು ಮನೆಗಳ ದುಃಖವೂ ಅದರೊಡನೆ ಬಂದಿತ್ತು. ಅವರು ಹಳೆಯದನ್ನು ನಿಂದಿಸಿ ಎಸೆಯಲಿಲ್ಲ, ಇದ್ದುದನ್ನು ಇದ್ದಂತೆಯೇ ನಂಬಿ ಹಾರಿಸಲೂ ಇಲ್ಲ. 1,200 ಅಶ್ವಶಕ್ತಿಯ ಎರಡು ಎಂಜಿನುಗಳನ್ನೂ 104 ಅಂಗುಲ ವ್ಯಾಸದ ಪಂಖಗಳನ್ನೂ ಅಳವಡಿಸಿ, ನಿಯಂತ್ರಣ ವ್ಯವಸ್ಥೆಯನ್ನೂ ಗಾಲಿ-ತಡೆಗಳನ್ನೂ ತಿದ್ದಿದರು. 2018ರ ಜನವರಿ 24ರಂದು ಆ ವಿಮಾನವು ಬೆಂಗಳೂರಿನಲ್ಲಿ ಸುಮಾರು 40 ನಿಮಿಷ ಹಾರಿ ಕ್ಷೇಮವಾಗಿ ಇಳಿಯಿತು. ಅದೇ ಕಡೆಯ ಗುರಿಯಲ್ಲ. 19 ಆಸನಗಳ ಮುಂದಿನ ರೂಪಕ್ಕೆ ಅದು ಮೆಟ್ಟಿಲು. ಮುಗಿಸಿದವನ ಕೆಲಸವೂ ಮತ್ತೊಬ್ಬನಿಗೆ ಆರಂಭವಾಗುತ್ತದೆ.

ಶರಣಮಾರ್ಗದಲ್ಲಿ ಈ ಮಾತಿಗೆ ಸಾಕ್ಷಿ ಬೇಕೆಂದರೆ ಶೂನ್ಯಸಂಪಾದನೆಯನ್ನು ನೋಡಬೇಕು. ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೊಂದಿಸಿ ಅದನ್ನು ಮೊದಲು ಸಂಪಾದಿಸಿದವರು ಶಿವಗಣಪ್ರಸಾದಿ ಮಹಾದೇವಯ್ಯನವರು. ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣಾಚಾರ್ಯರು ಒಬ್ಬರಾದ ಮೇಲೊಬ್ಬರು ಅದನ್ನು ಕೈಗೆತ್ತಿಕೊಂಡು, ತಿದ್ದಿ, ಸೇರಿಸಿ, ಬೆಳೆಸಿದರು. ತಿದ್ದಿದುದರಿಂದ ಮೊದಲಿನವರಿಗೆ ಅಗೌರವವಾಗಲಿಲ್ಲ. ತಿದ್ದದೆ ಬಿಟ್ಟಿದ್ದರೆ ಅವರ ಉದ್ದೇಶಕ್ಕೇ ಕುಂದಾಗುತ್ತಿತ್ತು.

ಆದುದರಿಂದ ಪರರ ಕಾಯಕವನ್ನು ವಹಿಸಿಕೊಳ್ಳುವವನಿಗೆ ಮೂರು ಗುಣಗಳು ಅವಶ್ಯ. ಮೊದಲನೆಯದು ಪರೀಕ್ಷೆ: ಗೌರವದ ಹೆಸರಿನಲ್ಲಿ ಕಣ್ಣು ಮುಚ್ಚಬಾರದು, ಮುಖ್ಯ ತೊಲೆಯೇ ಕೆಟ್ಟಿದ್ದರೆ ನಿಲ್ಲಿಸುವ ಧೈರ್ಯವೂ ಇರಬೇಕು. ಎರಡನೆಯದು ಕೃತಜ್ಞತೆ: ಬಳಸಿದ ಪ್ರತಿ ಎಳೆಯ ಹಿಂದೆಯೂ ಒಬ್ಬನ ಬೆವರಿದೆಯೆಂದು ಒಪ್ಪಿ, ಅವನ ಹೆಸರನ್ನು ಅಳಿಸದಿರಬೇಕು. ಮೂರನೆಯದು ನಿರಹಂಕಾರ: ಹಾರಿದ ದಿನದ ಜಯಘೋಷವನ್ನು ತನ್ನೊಬ್ಬನ ಜೋಳಿಗೆಗೆ ಹಾಕಿಕೊಳ್ಳಬಾರದು. ಪರೀಕ್ಷೆಯಿಲ್ಲದ ಭಕ್ತಿ ಅಪಾಯಕ್ಕೆ ದಾರಿ; ಕೃತಜ್ಞತೆಯಿಲ್ಲದ ಪರೀಕ್ಷೆ ಬರಿಯ ದೂಷಣೆ; ಇವೆರಡೂ ಇದ್ದು ಅಹಂಕಾರ ಉಳಿದರೆ ಕಾಯಕವು ವ್ಯಾಪಾರವಾಗುತ್ತದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕೊಂಡಿ ಹಾಕಿ ಎಳೆಗೆ ಎಳೆಯನ್ನು ಕೂಡಿಸಿದಾಗಲೇ ಅದು ಸೀರೆ. ಉಟ್ಟವಳು ಆ ಸಂದನ್ನು ಎಣಿಸುವುದಿಲ್ಲ, ನೇಯ್ದವನು ಮರೆಯುವುದಿಲ್ಲ. ಒಂದು ತಲೆಮಾರು ಇನ್ನೊಂದಕ್ಕೆ ಬಿಟ್ಟುಹೋಗುವ ಮನೆ, ಹೊಲ, ಸಾಲ, ಸಂಕಲ್ಪ ಎಲ್ಲವೂ ಇಂತಹ ಕೊಂಡಿಯನ್ನು ಕಾದಿರುವ ಹಾಸುಗಳೇ. ಅವನ್ನು ಅರಿತು ಕೂಡಿಸುವವನ ಕೈಯಲ್ಲಿ, ಹೋದವನ ಕಾಯಕವೂ ಶಿವನಿಗೆ ಸಲ್ಲುತ್ತದೆ.